ಡಾಕ್ಟರಬಾಯಿಯವರು ಕೇಳುತ್ತಿದ್ದ ನಾಯಿಯ ಪ್ರಶ್ನೆ

ಮಾನ್ಯ ಓದುಗರ ಅವಗಾಹನೆಗೆ,

ಮೊದಲಿಗೇ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ನೆಟ್ಟಗಿಲ್ಲ. ಕಾಗುಣಿತದಲ್ಲಿಯೂ ಒತ್ತಕ್ಷರಗಳಲ್ಲಿಯೂ ತಪ್ಪುಗಳು ಖಂಡಿತ ಇರುತ್ತವೆ. ಕರಜಗಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದೇ ನನ್ನ ಕನ್ನಡ. ಅನಂತರ ಸೊಲ್ಲಾಪುರದ ಒಂದು ದೊಡ್ಡ ದವಾಖಾನೆಯ ಎಕ್ಸ್‌ರೇ ವಿಭಾಗದಲ್ಲಿ ಸಹಾಯಕನಾಗಿ ನನ್ನ ಸೇವೆಯೆಲ್ಲ ಕಳೆಯಿತು. ಅಲ್ಲಿ ರಜೆಯ ಅರ್ಜಿಯೂ ಮರಾಠಿಯಲ್ಲಿ, ಬೈಗುಳವೂ ಮರಾಠಿಯಲ್ಲಿ. ಇಷ್ಟು ಉದ್ದದ ಬರಹವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು. ಪತ್ರಲೇಖನದ ಪಾಠದಲ್ಲಿ ಗುರುಗಳು ಹಲಗೆಯ ಮೇಲೆ ಹಾಕಿಕೊಟ್ಟ ಮಾದರಿಯೊಂದೇ ನೆನಪಿನಲ್ಲಿ ಉಳಿದಿರುವುದರಿಂದ ಅದನ್ನೇ ಅನುಸರಿಸುತ್ತೇನೆ.

ವಿಷಯ: ಎಕ್ಸ್‌ರೇ ತಜ್ಞರಾದ ನಮ್ಮ ಡಾಕ್ಟರಬಾಯಿಯವರು ರೋಗಿಗಳಿಗೆ ಕೇಳುತ್ತಿದ್ದ ಪ್ರಶ್ನೆಯನ್ನು ಈಗಿನವರು ಕೈಬಿಟ್ಟದ್ದರಿಂದ ನನ್ನ ಅಕ್ಕನ ಜೀವಕ್ಕೆ ಬಂದಿದ್ದ ಗಂಡಾಂತರ, ಹಾಗೂ ಆ ಬಗ್ಗೆ ನನ್ನ ಆಕ್ಷೇಪಣೆ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಮೊದಲು ಡಾಕ್ಟರಬಾಯಿಯವರ ಪರಿಚಯ ಮಾಡಿಕೊಡುವುದು ಅವಶ್ಯ. ಅವರದು ಸೊಲ್ಲಾಪುರದ ಜವಳಿ ವ್ಯಾಪಾರಿಗಳ ಮನೆತನ. ಅಂಗಡಿಯಲ್ಲಿ ಮರಾಠಿ, ಅಡಿಗೆಮನೆಯಲ್ಲಿ ಕನ್ನಡ. ಅವರು ಡಾಕ್ಟರಕಿ ಮುಗಿಸಿ ಮುಂದೆ ಎಕ್ಸ್‌ರೇ ವಿಷಯವನ್ನು ಆರಿಸಿಕೊಂಡಾಗ ಮನೆಯಲ್ಲಿ ದೊಡ್ಡ ರಗಳೆಯಾಯಿತಂತೆ. ಹೆಣ್ಣು ಡಾಕ್ಟರ್ ಎಂದರೆ ಹೆರಿಗೆ ಮಾಡಿಸಬೇಕು ಎಂಬುದು ಹಿರಿಯರ ಲೆಕ್ಕ. ಅವರ ಅತ್ಯಾಬಾಯಿ ಅಂದ ಮಾತನ್ನು ಅವರೇ ನಮ್ಮೆದುರು ನಗುತ್ತ ಹೇಳುತ್ತಿದ್ದರು: "ಕತ್ತಲ ಖೋಲ್ಯಾಗ ಕುಂತು ಮಂದಿ ಎಲವು ಎಣಸಾಕ ಇಷ್ಟು ವರ್ಷ ಓದಬೇಕಿತ್ತೇನ? ಅಂಗಡ್ಯಾಗ ಕುಂತು ಅರಿವಿ ಥಾನು ಎಣಸಿದ್ರ ಆಗ್ತಿದ್ದಿಲ್ಲೇನ?"

ಆ ಕತ್ತಲ ಖೋಲಿಯಿಂದಲೇ ಅವರ ಹೆಸರು ಹೊರಗೆ ಹೋಯಿತು. ಬೇರೆ ಜಿಲ್ಲೆಯ ಡಾಕ್ಟರರು ತಮಗೆ ತಿಳಿಯದ ಎದೆಯ ಫೋಟೋಗಳನ್ನು ದೊಡ್ಡ ಲಕೋಟೆಯಲ್ಲಿ ಹಾಕಿ, ಎಸ್‌ಟಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ದೊಡ್ಡ ದೊಡ್ಡ ಶಹರಗಳಿಗೆ ಉಪನ್ಯಾಸಕ್ಕೆ ಕರೆಯುತ್ತಿದ್ದರು. ಬಾಯಿಯವರು ಹೋಗಿ, ಮರುದಿನ ಮುಂಜಾನೆಯ ಗಾಡಿಗೆ ಇಳಿದು, ಸೀದಾ ವಿಭಾಗಕ್ಕೆ ಬಂದು ಕುಳಿತುಕೊಳ್ಳುತ್ತಿದ್ದರು. ಸನ್ಮಾನದ ಶಾಲುಗಳನ್ನು ಮನೆಗೆ ಒಯ್ದದ್ದನ್ನು ನಾನು ನೋಡಿಲ್ಲ. ಎಕ್ಸ್‌ರೇ ಮೇಜಿನ ತಗಡು ಬಹಳ ತಣ್ಣಗಿರುತ್ತದೆ. ಮುದುಕರು ಅದರ ಮೇಲೆ ಮಲಗಿದರೆ ನಡುಗುತ್ತಾರೆ. ಆ ಶಾಲುಗಳನ್ನೆಲ್ಲ ಅವರು ಮೇಜಿನ ಕಾಲ ಹತ್ತಿರ ಮಡಿಸಿ ಇಡಿಸಿದ್ದರು, ರೋಗಿಗಳಿಗೆ ಹೊದಿಸಲಿಕ್ಕೆ.

ಅವರದೊಂದು ನಿಯಮವಿತ್ತು. ರೋಗಿಯ ಮುಖ ನೋಡದೆ ವರದಿ ಬರೆಯುವಂತಿಲ್ಲ. ಒದ್ದೆ ಫಿಲ್ಮನ್ನು ನಾನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸುತ್ತಿದ್ದೆ, ಅವರು ನೋಡಿ, ಕುರ್ಚಿಯಿಂದ ಎದ್ದು, "ಮಾಮಾ, ಈ ಫೋಟೋದವರು ಎಲ್ಲಿ ಕುಂತಾರ?" ಎಂದು ಕೇಳಿ, ಹೊರಗಿನ ಬಾಕಿನವರೆಗೆ ತಾವೇ ನಡೆಯುತ್ತಿದ್ದರು. ದವಾಖಾನೆಯಲ್ಲಿ ನಮ್ಮಂಥ ಸಹಾಯಕರಿಗೆಲ್ಲ ಮಾಮಾ ಎಂದೇ ಕರೆಯುವ ರೂಢಿ. ಬಾಕಿನ ಮೇಲೆ ರೋಗಿಯ ಪಕ್ಕದಲ್ಲಿ ಕುಳಿತು ಮಗ್ಗದ ಕೆಲಸವೇ, ಬೀಡಿ ಕಟ್ಟುವ ಕೆಲಸವೇ, ಒಲೆಗೆ ಏನು ಉರುವಲು, ಎಂದು ಮಾತಾಡಿ ಒಳಗೆ ಬಂದು ಆಮೇಲೆ ಬರೆಯುತ್ತಿದ್ದರು. ಆದರೆ ಈ ನಿಯಮ ಮೊದಲಿನಿಂದ ಇದ್ದದ್ದಲ್ಲ. ಅದು ಬಂದದ್ದು ಒಬ್ಬ ಮನುಷ್ಯ ಸತ್ತ ಮೇಲೆ. ಅದರಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಮುಚ್ಚಿಡದೆ ಈ ಮೂಲಕ ನಮೂದಿಸುತ್ತೇನೆ.

ಆಗ ಅವರಿಗೂ ನೌಕರಿ ಹೊಸದು, ನನಗೂ ಹೊಸದು. ನಮ್ಮ ಕಡೆಯ ಕುರಿ ಕಾಯುವವನೊಬ್ಬ ಕೆಮ್ಮೆಂದು ಬಂದಿದ್ದ. ಅವನ ಎದೆಯ ಫೋಟೋದಲ್ಲಿ ಬಳೆಯಿಟ್ಟು ಗೆರೆ ಎಳೆದಂತೆ ದುಂಡಗಿನ ಒಂದು ನೆರಳು. ಅಂಥ ನೆರಳು ಕೆಟ್ಟ ಗಂಟಿನದಾಗಿರಬಹುದು. ನಾಯಿಯಿಂದ ಬರುವ ರೋಗದ ನೀರುಚೀಲವೂ ಆಗಿರಬಹುದು. ನಾಯಿಯ ಹೊಟ್ಟೆಯಲ್ಲಿರುವ ಸಣ್ಣ ಹುಳದ ತತ್ತಿ ಕೈಗೆ ತಾಗಿ, ಊಟದ ಜೊತೆ ಒಳಗೆ ಹೋದರೆ, ವರ್ಷಾನುಗಟ್ಟಲೆ ಮೆಲ್ಲಗೆ ಪಿತ್ತಜನಕಾಂಗದಲ್ಲೋ ಪುಪ್ಪುಸದಲ್ಲೋ ನೀರು ತುಂಬಿದ ಚೀಲವಾಗಿ ಬೆಳೆಯುತ್ತದೆ. ಗಂಟಾದರೆ ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆ ಮಾಡಬೇಕು. ಎದೆಯೊಳಗಿನ ನೀರುಚೀಲವಾದರೆ ಸೂಜಿ ತಾಗಿಸಬಾರದು. ಒಳಗಿನ ನೀರು ಸೋರಿದರೆ ಆಳು ನಿಂತ ನಿಲುವಿನಲ್ಲಿ ಹೋಗಿಬಿಡಬಹುದು. ಆದ್ದರಿಂದ ನಾಯಿಯ ಬಗ್ಗೆ ಕೇಳುವುದು ಅಗತ್ಯ.

ಬಾಯಿಯವರು ಒಳಗೆ ಇನ್ನೊಬ್ಬ ರೋಗಿಯ ಜೊತೆ ಇದ್ದರು. "ಮಾಮಾ, ನಿಮ್ಮ ಕಡಿಯವ್ರ ಅದಾರ. ನಾಯಿ ಸಾಕ್ಯಾರೇನು ಕೇಳಿ ಬರ್ರಿ" ಎಂದರು.

ನಾನು ಹೊರಗೆ ಬಂದು ಕೇಳಿದೆ: "ಅಣ್ಣಾ, ಮನ್ಯಾಗ ನಾಯಿ ಸಾಕೀರೇನು?"

"ಇಲ್ಲಪಾ. ನಾವ್ಯಾಕ ನಾಯಿ ಸಾಕೂಣು?"

ನಾನು ಒಳಗೆ ಹೋಗಿ, "ಇಲ್ಲಂತ್ರಿ ಬಾಯಾರ" ಎಂದೆ. ಅವರು ಗಂಟು ಎಂದು ಬರೆದರು. ಮರುದಿನ ವಾರ್ಡಿನಲ್ಲಿ ಸೂಜಿ ಹಾಕಿದರು. ಸ್ವಲ್ಪ ಹೊತ್ತಿನಲ್ಲಿಯೇ ಅವನು ತೀರಿಕೊಂಡ.

ನಾನು ಹುಟ್ಟಿದ್ದೂ ಅಂಥದೇ ಕುರಿ ಕಾಯುವ ಮನೆತನದಲ್ಲಿ. ನಮ್ಮಲ್ಲಿ ಕುರಿ ಬೀರಪ್ಪನವು, ನಾಯಿ ಮೈಲಾರಪ್ಪನವು. ರವಿವಾರ ಮೊದಲ ರೊಟ್ಟಿ ನಾಯಿಗೆ ಹಾಕದೆ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಆದರೆ ಅದನ್ನು ನಾವು ಸಾಕಿದ್ದೇವೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ದೇವರ ಸ್ವತ್ತನ್ನು ತನ್ನದೆಂದಂತೆ ಆಗುತ್ತದೆ. ಆ ಮನುಷ್ಯ ಸುಳ್ಳು ಹೇಳಲಿಲ್ಲ. ಇದೆಲ್ಲ ಗೊತ್ತಿದ್ದ ನಾನು, ದವಾಖಾನೆಯ ಖಾಕಿ ಪ್ಯಾಂಟು ಹಾಕಿಕೊಂಡ ಮಾತ್ರಕ್ಕೆ ಎಲ್ಲ ಮರೆತು, ಕೇಳಬಾರದ ರೀತಿಯಲ್ಲಿ ಕೇಳಿ ಬಂದಿದ್ದೆ.

ಮುಂದಿನ ರವಿವಾರ ಬಾಯಿಯವರು ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಅಕ್ಕಲಕೋಟೆಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆ ಮನುಷ್ಯನ ಹಟ್ಟಿಗೆ ಹೋದರು. ಅವನ ಹೆಂಡತಿ ನಾಯಿಗಳಿಗೆ ರೊಟ್ಟಿ ಮುರಿದು ಹಾಕುತ್ತಿದ್ದಳು.

"ಇವು ಯಾರ ನಾಯಿ, ಯವ್ವಾ?"

"ಮೈಲಾರಪ್ಪಂದು ರಿ. ನಮ್ಮ ಕುರಿ ಬೆನ್ನ ಹತ್ತಿ ಬರ್ತಾವ."

ಬಾಯಿಯವರು ಆ ನಾಯಿಗಳನ್ನು ಒಂದೊಂದಾಗಿ ಎಣಿಸಿದರು. ಬಳಿಕ ಹೇಳಿದರು: "ತಪ್ಪು ನಂದು. ನಿಮ್ಮ ಯಜಮಾನರ ಜೋಡಿ ನಾ ಮಾತಾಡಬೇಕಿತ್ತು. ಮಾತಾಡಲಿಲ್ಲ."

"ಮಾತಾಡಿದ್ರ ಉಳೀತಿದ್ದರೇನ್ರಿ?"

"ಉಳೀತಿದ್ದರು."

ಆ ಹೆಣ್ಣುಮಗಳು ಉಳಿದ ರೊಟ್ಟಿಯನ್ನು ನಾಯಿಗೆ ಹಾಕಿ ಕುರಿದೊಡ್ಡಿಯ ಕಡೆಗೆ ಹೋದಳು. ಕೇಳಿದವನು ಇವನು ಎಂದು ಬಾಯಿಯವರು ನನ್ನ ಕಡೆಗೆ ಬೆರಳು ತೋರಿಸುತ್ತಾರೆಂದು ನಾನು ಹೆದರಿ ನಿಂತಿದ್ದೆ. ಅವರು ತೋರಿಸಲಿಲ್ಲ. ತಿರುಗಿ ಬರುವಾಗ ಬಸ್ಸು ಕುಂಭಾರಿ ದಾಟಿದ ಮೇಲೆ ಅವರು ಕಿಟಕಿಯ ಕಡೆಗೆ ಮುಖ ಮಾಡಿಯೇ ಹೇಳಿದರು: "ಮಾಮಾ, ಕೇಳಿದವ್ರು ನೀವು, ಖರೆ. ಕಳಿಸಿದಾಕಿ ನಾನು. ಇನ್ನ ಮ್ಯಾಲ ನಾನ ಕೇಳ್ತೀನಿ."

ಅಂದಿನಿಂದ ಅವರು ಕೇಳುವ ರೀತಿಯೇ ಬದಲಾಯಿತು. ಸಾಕಿದ್ದೀರಾ ಎಂಬ ಮಾತೇ ಇಲ್ಲ. "ಕುರಿ ಹಿಂದ ಎಷ್ಟು ನಾಯಿ ಬರ್ತಾವ?" ಎಂಬುದು ಪ್ರಶ್ನೆ. ಉತ್ತರ ತಡವಿಲ್ಲದೆ ಬರುತ್ತಿತ್ತು: ಮೂರು ರಿ, ಐದು ರಿ, ಒಂದು ಕುಂಟ ಐತಿ. ಈ ಒಂದು ಪ್ರಶ್ನೆಯಿಂದ ಸೂಜಿ ತಪ್ಪಿಸಿಕೊಂಡು, ಸರಿಯಾದ ಆಪರೇಶನ್ ಆಗಿ, ಮರಳಿ ಕುರಿಯ ಹಿಂದೆ ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥವರ ಫಿಲ್ಮುಗಳನ್ನೆಲ್ಲ ಅವರು ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂಡಿಸಿಟ್ಟು, ಮೇಲೆ ತಮ್ಮ ಕೈಯಿಂದಲೇ ಕನ್ನಡದಲ್ಲಿ "ಕುರಿಯವರ ಎದೆ" ಎಂದು ಬರೆದಿದ್ದರು. ಎಲ್ಲಕ್ಕೂ ಮೇಲಿನದು ಆ ಸತ್ತವನ ಫಿಲ್ಮು. ಅದರ ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ: "ನನ್ನ ತಪ್ಪು. ನಾಯಿಯ ವಿಷಯ ನಾನೇ ಹೋಗಿ ಕೇಳಲಿಲ್ಲ." ಕೆಳಗೆ ಸಹಿ. ಹೊಸದಾಗಿ ಬಂದ ಕಲಿಯುವ ಡಾಕ್ಟರರಿಗೆ ಪ್ರತಿವರ್ಷ ಮೊದಲ ದಿವಸ ತೋರಿಸುತ್ತಿದ್ದುದು ಆ ಫಿಲ್ಮನ್ನೇ.

ಆ ಪೆಟ್ಟಿಗೆಗೆ ಆದ ಗತಿಯನ್ನು ಈಗ ಬರೆಯುತ್ತೇನೆ. ಬಾಯಿಯವರು ನಿವೃತ್ತರಾದ ದಿನ ಶಾಲು, ತೆಂಗಿನಕಾಯಿ, ಭಾಷಣ ಎಲ್ಲ ಆಯಿತು. ವಿಭಾಗದ ಕಣ್ಣು ಎಂದು ಹೊಗಳಿದರು. ಪೆಟ್ಟಿಗೆಯನ್ನು ಅವರು ಮನೆಗೆ ಒಯ್ಯಲಿಲ್ಲ. ಕಲಿಯುವವರಿಗೆ ಬೇಕಾಗುತ್ತದೆ ಎಂದು ಬಿಟ್ಟುಹೋದರು. ಕೆಲವೇ ತಿಂಗಳಲ್ಲಿ ಫಿಲ್ಮು ಹೋಗಿ ಕಂಪ್ಯೂಟರ್ ಬಂದಿತು, ಜಾಗ ಬೇಕಾಯಿತು. ಹಳೆಯ ಫಿಲ್ಮಿನಿಂದ ಬೆಳ್ಳಿ ತೆಗೆಯುವ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಎಲ್ಲವನ್ನೂ ಒಟ್ಟಿಗೆ ಕೊಟ್ಟುಬಿಟ್ಟರು. "ಸಾಹೇಬರೇ, ಈ ಪೆಟ್ಟಿಗೆ ಕಲಿಸಲಿಕ್ಕೆ ಇಟ್ಟದ್ದು" ಎಂದು ನಾನು ಅಡ್ಡ ನಿಂತೆ. ವಿಭಾಗದ ಹೊಸ ಸಾಹೇಬರು ಮೊಬೈಲಿನಿಂದ ತಲೆ ಎತ್ತದೆ ಮರಾಠಿಯಲ್ಲಿ, "ಮಾಮಾ, ಈ ಕಸ ಯಾರಿಗೆ ಬೇಕು? ಈಗೆಲ್ಲ ಕಂಪ್ಯೂಟರಿನಲ್ಲಿ ಇದೆ" ಎಂದರು. ಆ ಫಿಲ್ಮುಗಳು ಯಾವ ಕಂಪ್ಯೂಟರಿನಲ್ಲಿಯೂ ಇರಲಿಲ್ಲ. ನಾನು ಲೇಖಿ ಅರ್ಜಿ ಬರೆದು ಕೊಟ್ಟೆ. ಉತ್ತರ ಬರುವುದರೊಳಗೆ ಟೆಂಪೋ ಬಂದು ಹೋಯಿತು. ಉತ್ತರ ಇಂದಿಗೂ ಬಂದಿಲ್ಲ.

ಈಗ ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ. ಆಕೆಯನ್ನು ವಾಗದರಿಗೆ ಕೊಟ್ಟಿದ್ದಾರೆ. ಮಕ್ಕಳು, ಮೊಮ್ಮಕ್ಕಳು, ಕುರಿ, ಎಲ್ಲವೂ ಇವೆ. ಈಚೆಗೆ ಕೆಮ್ಮು ಹಿಡಿದು ಬಿಡದಿದ್ದಾಗ, ಸೊಲ್ಲಾಪುರದಲ್ಲಿ ಕಾಲೇಜು ಕಲಿಯುವ ಮೊಮ್ಮಗಳು ಆಕೆಯನ್ನು ಹೊಸದಾಗಿ ತೆರೆದ ಒಂದು ಸ್ಕ್ಯಾನ್ ಸೆಂಟರಿಗೆ ಕರೆದೊಯ್ದಳು. ಅಲ್ಲಿಯ ಪದ್ಧತಿ ಹೀಗಿದೆ: ಬಾಗಿಲಲ್ಲಿ ಒಂದು ಫಾರ್ಮು ತುಂಬಬೇಕು, ಫೋಟೋ ತೆಗೆಯುತ್ತಾರೆ, ಅದು ತಂತಿಯಲ್ಲಿ ಬೇರೊಂದು ಮಹಾನಗರಕ್ಕೆ ಹೋಗುತ್ತದೆ, ಅಲ್ಲಿ ಯಾರೋ ಒಬ್ಬರು ಓದಿ ಒಂದು ತಾಸಿನೊಳಗೆ ವರದಿ ಕಳಿಸುತ್ತಾರೆ. ಓದಿದವರು ರೋಗಿಯನ್ನು ನೋಡಿರುವುದಿಲ್ಲ, ರೋಗಿ ಅವರನ್ನು ನೋಡಿರುವುದಿಲ್ಲ. ಇದಕ್ಕೆ ಶೀಘ್ರ ಸೇವೆ ಎಂದು ಗೋಡೆಯ ಮೇಲೆ ಬರೆದಿದ್ದಾರೆ.

ಮೊಮ್ಮಗಳು ಬುಧವಾರ ಮುಂಜಾನೆ ನನ್ನ ಮನೆಗೆ ಅಕ್ಕನನ್ನು ಕರೆತಂದು ವಿಷಯ ತಿಳಿಸಿದಳು. "ಮುತ್ಯಾ, ಆಯಿ ಎದ್ಯಾಗ ಗಂಟೈತಿ ಅಂತ ರಿಪೋರ್ಟ್ ಬಂದೈತಿ. ನಾಳಿ ಸೂಜಿ ಹಾಕಿ ತುಣುಕು ತಗೀತಾರಂತ."

"ನಾಯಿ ಬಗ್ಗೆ ಕೇಳಿದ್ರೇನು?" ಎಂದೆ.

"ಯಾವ ನಾಯಿ? ಹಾಂ, ಫಾರ್ಮ್‌ನ್ಯಾಗ ಇತ್ತು, ಪಾಳೀವ ಅಂದ್ರ ಸಾಕಿದ ಪ್ರಾಣಿ ಅದಾವೇನು ಅಂತ. ಆಯಿಗಿ ಕೇಳಿದೆ, ಸಾಕಿದ್ದು ಏನೂ ಇಲ್ಲ ಅಂದ್ಳು. ನಾಹೀ ಅಂತ ಟಿಕ್ ಮಾಡಿದೆ."

ಅಕ್ಕ ಚಹಾ ಊದುತ್ತ ಕುಳಿತಿದ್ದವಳು, "ಇಲ್ಲಂದ್ರ ಇಲ್ಲ ಅನ್ನಬೇಕು. ದೇವರದನ್ನ ನಂದು ಅನ್ನಲೇನು?" ಎಂದಳು.

ಅದೇ ಪ್ರಶ್ನೆ, ಅದೇ ಉತ್ತರ. ಈ ಸಲ ಕೇಳಿದ್ದು ಕಾಗದ. ಮರುದಿನ ಸೂಜಿ. ನಾನು ತಕ್ಷಣ ಆ ಸೆಂಟರಿಗೆ ಹೋಗಿ ಅಲ್ಲಿಯ ತರುಣ ಡಾಕ್ಟರರನ್ನು ಕಂಡೆ. ನೀರುಚೀಲ ಇರಬಹುದೆಂದು ಕೈಮುಗಿದು ಹೇಳಿದೆ. ಅವರು, "ತಾವು ಯಾರು?" ಎಂದು ಕೇಳಿದರು. ನಿವೃತ್ತ ಎಕ್ಸ್‌ರೇ ಸಹಾಯಕ ಎಂದೆ. ಅವರು ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳ ಮಾತಿಗೆ ನಗುವ ನಗೆ. "ವರದಿ ತಜ್ಞರದು ಕಾಕಾ. ಕಂಪ್ಯೂಟರಿನ ಬುದ್ಧಿಯೂ ಗಂಟು ಎಂದೇ ತೋರಿಸಿದೆ. ಫಾರ್ಮಿನಲ್ಲಿ ಪ್ರಾಣಿ ಇಲ್ಲ ಎಂದು ನೀವೇ ಬರೆದುಕೊಟ್ಟಿದ್ದೀರಿ" ಎಂದರು. ಮುಂದಿನ ರೋಗಿಯ ಹೆಸರು ಕೂಗಿದರು.

ಮಧ್ಯಾಹ್ನ ಅಕ್ಕನನ್ನೂ ಮೊಮ್ಮಗಳನ್ನೂ ಕರೆದುಕೊಂಡು, ಫೋಟೋ ಹಿಡಿದುಕೊಂಡು ಡಾಕ್ಟರಬಾಯಿಯವರ ಮನೆಗೆ ಹೋದೆ. ಅವರೀಗ ಜವಳಿ ಅಂಗಡಿಯ ಮೇಲಿನ ಮಹಡಿಯಲ್ಲಿ ಇರುತ್ತಾರೆ. ಮೊಣಕಾಲು ನೋವು, ಒಂದು ಕಣ್ಣಿನ ಆಪರೇಶನ್ ಆಗಿದೆ, ಇನ್ನೊಂದರದು ಬಾಕಿ. ಬೆಳಕಿನ ಪೆಟ್ಟಿಗೆ ಇಲ್ಲ. ಫೋಟೋವನ್ನು ಕಿಟಕಿಯ ಆಕಾಶಕ್ಕೆ ಹಿಡಿದು, ಒಳ್ಳೆಯ ಕಣ್ಣನ್ನು ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ಫೋಟೋ ಪಕ್ಕಕ್ಕಿಟ್ಟು ಅಕ್ಕನ ಹತ್ತಿರ ಕುಳಿತು ಕೈ ಹಿಡಿದುಕೊಂಡರು.

"ಅಕ್ಕಾ, ಕುರಿ ಹಿಂದ ಎಷ್ಟು ನಾಯಿ ಬರ್ತಾವ?"

"ನಾಕು ರಿ. ಒಂದು ಮುದಿ ಆಗೇತಿ. ನನ್ನಂಗ ಕೆಮ್ಮತೈತಿ."

"ರೊಟ್ಟಿ ಯಾರು ಹಾಕ್ತಾರ?"

"ನಾನ ಹಾಕ್ತೀನ್ರಿ. ನನ್ನ ಕೈಯಾಗಿಂದ ತಿಂದು ಕೈ ನೆಕ್ಕತಾವ. ಸೊಸಿಗಿಂತ ಚೊಲೋ ಅದಾವ, ಎದುರು ಮಾತಾಡಂಗಿಲ್ಲ."

ಬಾಯಿಯವರು ನಕ್ಕರು. ನಂತರ ನನ್ನ ಕಡೆಗೆ ತಿರುಗಿ, "ಮಾಮಾ, ಆಟೋ ಕರೀರಿ" ಎಂದರು.

ಆ ಸೆಂಟರಿನ ಮೆಟ್ಟಿಲುಗಳನ್ನು ಅವರು ಕಂಬಿ ಹಿಡಿದು ಒಂದೊಂದಾಗಿ ಹತ್ತಿದರು. ಬಾಗಿಲಲ್ಲಿ ಕುಳಿತ ಹುಡುಗಿ, "ಅಜ್ಜಿ, ಪೇಶಂಟ್ ನೀವೇನಾ?" ಎಂದು ಮರಾಠಿಯಲ್ಲಿ ಕೇಳಿ ಒಂದು ಫಾರ್ಮು ಮುಂದೆ ಚಾಚಿದಳು. ಹಳೆಯ ಎಕ್ಸ್‌ರೇ ಡಾಕ್ಟರ್ ಬಂದಿದ್ದಾರೆಂದು ಒಳಗೆ ತಿಳಿಸಲು ಹೇಳಿದೆ. ಮುಕ್ಕಾಲು ತಾಸು ಬಾಕಿನ ಮೇಲೆ ಕೂಡಿಸಿದರು. ಈ ಜಿಲ್ಲೆಯಲ್ಲಿ ಎದೆಯ ಫೋಟೋ ಓದುವುದನ್ನು ಒಂದು ತಲೆಮಾರಿಗೆ ಕಲಿಸಿದವರನ್ನು ಹೀಗೆ ಕೂಡಿಸಿದ್ದನ್ನು ನಾನು ನೋಡಬೇಕಾಯಿತು. ಬಾಯಿಯವರು ಮಾತ್ರ ಪಕ್ಕದಲ್ಲಿದ್ದ ಬೀಡಿ ಕಟ್ಟುವ ಹೆಣ್ಣುಮಗಳ ಕುತ್ತಿಗೆಯ ನೋವನ್ನು ವಿಚಾರಿಸುತ್ತಿದ್ದರು.

ಒಳಗೆ ಕರೆದಾಗ ತರುಣ ಡಾಕ್ಟರರು ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದರು. ಬಾಯಿಯವರು ವಾದಿಸಲಿಲ್ಲ. "ನಿಮ್ಮ ಸೂಜಿ ನಾಳೆ. ಇವತ್ತು ಐದು ನಿಮಿಷ ಇವರ ಹೊಟ್ಟೆಯ ಬಲಗಡೆ ಸೋನೋಗ್ರಾಫಿ ಮಾಡಿ ನೋಡಿ. ಎದೆಯಲ್ಲಿ ನೀರುಚೀಲ ಇದ್ದವರಿಗೆ ಕೆಲವು ಸಲ ಪಿತ್ತಜನಕಾಂಗದಲ್ಲಿಯೂ ಇರುತ್ತದೆ. ಏನೂ ಕಾಣದಿದ್ದರೂ ಎದೆಗೆ ಸೂಜಿ ಬೇಡ, ರಕ್ತ ಪರೀಕ್ಷೆ ಮಾಡಿಸಿ" ಎಂದಷ್ಟೇ ಮರಾಠಿಯಲ್ಲಿ ಹೇಳಿದರು. ವಯಸ್ಸಾದ ಬಾಯಿಯವರ ಮನಸ್ಸು ಕೆಡಿಸಬಾರದೆಂದೋ ಏನೋ, ತರುಣ ಡಾಕ್ಟರರು ಒಪ್ಪಿದರು. ಅಕ್ಕನನ್ನು ಮಲಗಿಸಿ ಯಂತ್ರದ ಕೈಯನ್ನು ಹೊಟ್ಟೆಯ ಮೇಲೆ ಆಡಿಸತೊಡಗಿದರು.

"ಏನ್ರಿ ಡಾಕ್ಟರ, ಈ ವಯಸ್ಸಿನ್ಯಾಗ ಬಸುರಿ ಅದೀನೇನು?" ಎಂದು ಅಕ್ಕ ಕೇಳಿದಳು. ಮೊಮ್ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅದೂ ಅಕ್ಕನ ಸೆರಗಿನಲ್ಲಿ.

ಡಾಕ್ಟರರು ನಗಲಿಲ್ಲ. ಅವರ ಕೈ ಒಂದು ಕಡೆ ನಿಂತಿತ್ತು. ಪರದೆಯ ಮೇಲೆ ದೊಡ್ಡದೊಂದು ಕಪ್ಪು ಚೀಲ, ಅದರೊಳಗೆ ಸಣ್ಣ ಸಣ್ಣ ಚೀಲಗಳು ದ್ರಾಕ್ಷಿಯ ಗೊಂಚಲಿನಂತೆ. ಯಾವ ಗಂಟೂ ಹಾಗೆ ಕಾಣುವುದಿಲ್ಲ ಎಂಬುದು ನನಗೂ ಗೊತ್ತು. ಅವರು ಕೈ ತೆಗೆದು, ಮತ್ತೆ ಇಟ್ಟು, ಮತ್ತೆ ನೋಡಿದರು. ಬಾಯಿಯವರು ಪರದೆಯನ್ನು ನೋಡಲೇ ಇಲ್ಲ. ಅಕ್ಕನಿಗೆ ಹೊದಿಸಲು ಏನಾದರೂ ಇದೆಯೇ ಎಂದು ಸುತ್ತಲೂ ನೋಡಿ, ಏನೂ ಕಾಣದೆ, ತಮ್ಮ ಸೆರಗನ್ನೇ ಆಕೆಯ ಕಾಲ ಮೇಲೆ ಎಳೆದರು.

ಸೂಜಿ ರದ್ದಾಯಿತು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಔಷಧಿ ನಡೆಯಿತು, ಆಪರೇಶನ್ ಆಯಿತು, ಚೀಲ ಒಡೆಯದೆ ಹೊರಗೆ ಬಂದಿತು. ಅಕ್ಕ ಈಗ ವಾಗದರಿಯಲ್ಲಿ ಇದ್ದಾಳೆ. ನಾಯಿಗಳಿಗೆ ಪಶು ದವಾಖಾನೆಯ ಗುಳಿಗೆ ನುಂಗಿಸುತ್ತಾಳೆ, ರೊಟ್ಟಿ ಹಾಕಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯುತ್ತಾಳೆ, ತೊಳೆಯುವಾಗ ಮೈಲಾರಪ್ಪನ ಕ್ಷಮೆ ಕೇಳುತ್ತಾಳೆ.

ಅಕ್ಕ ಉಳಿದ ಮೇಲೆ ಇನ್ನೇನು ತಕರಾರು ಎಂದು ತಾವು ಕೇಳಬಹುದು. ತಕರಾರು ಆಕೆಯ ಕಾಗದಪತ್ರಗಳಲ್ಲಿದೆ. ಸೆಂಟರಿನವರು ಎರಡನೆಯ ವರದಿ ಕೊಟ್ಟರು. ಅದರಲ್ಲಿ, "ತಜ್ಞರ ತಂಡದ ಚರ್ಚೆಯ ಮೇರೆಗೆ ಪರಿಷ್ಕರಿಸಲಾಗಿದೆ" ಎಂದು ಒಂದು ಸಾಲು ಇದೆ. ಯಾವ ತಂಡ? ಮೆಟ್ಟಿಲು ಹತ್ತಿ ಬಂದವರು ಒಬ್ಬರು, ಒಂದೇ ಕಣ್ಣಿನವರು. ಅವರ ಹೆಸರಿಲ್ಲ. ಮೊದಲ ವರದಿ ತಪ್ಪಾಗಿತ್ತು ಎಂಬ ಮಾತೂ ಇಲ್ಲ. ನನ್ನ ಸಿಟ್ಟು ತಪ್ಪಿನ ಮೇಲೆ ಅಲ್ಲ. ತಪ್ಪು ಬಾಯಿಯವರಿಂದಲೂ ಆಗಿತ್ತು, ನನ್ನಿಂದಲೂ ಆಗಿತ್ತು. ಅವರು ಅದನ್ನು ಕೆಂಪು ಶಾಯಿಯಲ್ಲಿ ಬರೆದು, ಸಹಿ ಮಾಡಿ, ವರ್ಷ ವರ್ಷವೂ ಕಲಿಯುವವರ ಮುಂದೆ ಇಟ್ಟರು. ಇವರು "ಪರಿಷ್ಕರಿಸಲಾಗಿದೆ" ಎಂದು ಬರೆದು ಮುಚ್ಚಿದರು. ಮುಚ್ಚಿದ ತಪ್ಪಿನಿಂದ ಯಾರು ಏನು ಕಲಿಯುತ್ತಾರೆ? ತಪ್ಪನ್ನು ತೆರೆದು ತೋರಿಸುತ್ತಿದ್ದ ಆ ಒಂದು ಪೆಟ್ಟಿಗೆಯನ್ನು ಮೊದಲೇ ಕರಗಿಸಿ ಬೆಳ್ಳಿ ಮಾಡಿದ್ದಾರೆ.

ಆ ವರದಿಯನ್ನು ಬಾಯಿಯವರಿಗೆ ಒಯ್ದು ತೋರಿಸಿದೆ. "ಅಕ್ಕ ರೊಟ್ಟಿ ಬಡಿಯಾಕತ್ಯಾಳಿಲ್ಲೋ, ಮಾಮಾ?" ಎಂದರು. ಹೌದು ಎಂದೆ. "ಮತ್ತ ಬಿಡ್ರಿ" ಎಂದರು. ಅವರು ಬಿಡಬಹುದು. ನಾನು ಬಿಡಲಾರೆ.

ಫಾರ್ಮಿನ ಪ್ರಶ್ನೆಯನ್ನು ಬದಲಿಸಿ, ಕುರಿಯ ಹಿಂದೆ ಎಷ್ಟು ನಾಯಿ ಬರುತ್ತವೆ ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಛಾಪಿಸಬೇಕೆಂದು ಸೆಂಟರಿಗೆ ಅರ್ಜಿ ಸಲ್ಲಿಸಿದ್ದೇನೆ. ಸ್ವೀಕೃತಿಯ ಶಿಕ್ಕಾ ಒತ್ತಿದ ಪ್ರತಿ ಮಾತ್ರ ಸಿಕ್ಕಿದೆ. ಕರಜಗಿಯಿಂದ ಆ ಸೆಂಟರಿಗೆ ಹೋಗಿ ಬಂದ ಒಬ್ಬರು ಮೊನ್ನೆ ಹೇಳಿದರು: ಆ ತರುಣ ಡಾಕ್ಟರರು ತಾವೇ ಬಾಕಿನವರೆಗೆ ಬಂದು, ಕುರಿಗಳು ಇವೆಯೇ, ಅವುಗಳ ಹಿಂದೆ ನಾಯಿ ಎಷ್ಟು, ಎಂದು ಕೇಳಿದರಂತೆ. ಕೇಳಿ ನನಗೆ ಸಂತೋಷವಾಯಿತು ಎಂಬುದನ್ನು ಪ್ರಾಮಾಣಿಕವಾಗಿ ನಮೂದಿಸುತ್ತೇನೆ. ಆದರೆ ಅವರು ರಜೆಯ ಮೇಲೆ ಇರುವ ದಿನ ಕೇಳುವುದು ಆ ಹಳೆಯ ಫಾರ್ಮೇ. ಮತ್ತು ಆ ಪ್ರಶ್ನೆ ಯಾರಿಂದ ಕಲಿತದ್ದು ಎಂದು ಅವರು ಯಾರಿಗೂ ಹೇಳಿಲ್ಲ. ಆದ್ದರಿಂದ ನಾನು ಇಲ್ಲಿ ಬರೆದಿಟ್ಟೆ. ಹೆಸರು ಹಾಕಬಾರದೆಂದು ಬಾಯಿಯವರೇ ತಾಕೀತು ಮಾಡಿರು‌ವುದರಿಂದ ಹಾಕಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವರಿಗೆ ಯಾರೆಂದು ತಿಳಿಯುತ್ತದೆ.

ಕೊನೆಯದಾಗಿ ಒಂದು ವಿನಂತಿ. ಈ ಬರಹದಲ್ಲಿ ಅಕ್ಷರದ ತಪ್ಪಿರಲಿ, ಸಂಗತಿಯ ತಪ್ಪಿರಲಿ, ಕಂಡವರು ದಯವಿಟ್ಟು ತಿದ್ದಬೇಕು. ಕೆಂಪು ಶಾಯಿಯಲ್ಲಿ, ಎಲ್ಲರಿಗೂ ಕಾಣುವಂತೆ ತಿದ್ದಿ, ತಿದ್ದಿದವರು ಯಾರೆಂಬುದನ್ನು ಪಕ್ಕದಲ್ಲಿ ಬರೆಯಬೇಕು.

ತಮ್ಮ ವಿಶ್ವಾಸಿ,
ಎಕ್ಸ್‌ರೇ ವಿಭಾಗದ ನಿವೃತ್ತ ಸಹಾಯಕ